ಹಾಸ್ಟೆಲಿಗೆ ಮಾವ ಹಾಕಿದ ಸೈ

ಹೋದ ವರ್ಷ ಕಣ್ಣು ತೋರಿಸಲು ದಾವಣಗೆರೆಯ ಕೆ.ಬಿ. ಬಡಾವಣೆಯ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, “ಸಂಗಡ ಯಾರು ಬಂದಾರ್ರಿ ಅಜ್ಜಿ?” ಎಂದಳು. ಯಾರೂ ಇಲ್ಲ, ಒಬ್ಬಳೇ ಬಂದಿದ್ದೇನೆ ಎಂದೆ. ಕಣ್ಣಿಗೆ ಔಷಧ ಬಿಟ್ಟರೆ ಮಂಜಾಗುತ್ತದೆ, ಜವಾಬ್ದಾರಿಯವರು ಒಬ್ಬರು ಬೇಕೇ ಬೇಕು, ಫೋನ್ ಮಾಡಿ ಕರೆಸಿರಿ ಎಂದಳು. ನನಗೆ ಮೈಯೆಲ್ಲ ಉರಿಯಿತು. ಒಂದು ಊರಿನ ಅರ್ಧ ಮಕ್ಕಳನ್ನು ಬೈದು, ಬಡಿದು, ಅಕ್ಷರ ಕಲಿಸಿ ಬೆಳೆಸಿದ ಹೆಡ್‌ಮಿಸ್ಟ್ರೆಸ್ಸು ನಾನು. ನನಗೊಬ್ಬ ಜವಾಬ್ದಾರಿಯವರು ಬೇಕಂತೆ! ತಂಗಿಯ ಮಗನಿಗೆ ಫೋನ್ ಮಾಡಿ, ಗೊಣಗಿಕೊಂಡೇ ವರಾಂಡಕ್ಕೆ ಬಂದು ಕೂತೆ. ಕೂತ ಮೇಲೆ ಕಿಟಕಿಯ ಕಡೆ ನೋಡಿದೆ. ಸುರುಳಿ ಸುರುಳಿಯಾಗಿ ಬಗ್ಗಿಸಿದ ಹಳೇ ಕಬ್ಬಿಣದ ಸರಳು, ಅದರ ಕೆಳಗೆ ಕಡಪಾ ಕಲ್ಲಿನ ಕಟ್ಟೆ. ಸುಣ್ಣ ಹೋಗಿ ಬಣ್ಣ ಬಂದಿತ್ತು, ಮೇಲೊಂದು ಮಹಡಿ ಎದ್ದಿತ್ತು. ಆದರೆ ಮನೆ ಅದೇ. ಈ ಮನೆಯೊಳಗೆ ಒಂದು ಮಂಚದಷ್ಟು ಜಾಗಕ್ಕಾಗಿ ನಾನು ಒಂದು ಕಾಲದಲ್ಲಿ ಅರ್ಜಿ ಹಿಡಿದು ನಿಂತಿದ್ದೆ. ಅವತ್ತೂ ನನ್ನನ್ನು ಕೇಳಿದ್ದು ಇದೇ ಮಾತು.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಸಾರಥಿ. ಹರಿಹರದ ಹೈಸ್ಕೂಲಿಗೆ ಗಾಡಿ ಸಿಕ್ಕರೆ ಗಾಡಿಯಲ್ಲಿ, ಸಿಗದಿದ್ದರೆ ಕಾಲ್ನಡಿಗೆಯಲ್ಲಿ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡಿದ್ದೆ. ಕಾಲೇಜು ಅಂದರೆ ದಾವಣಗೆರೆಗೇ ಹೋಗಬೇಕು. ದಿನಾ ಹೋಗಿ ಬರುವುದು ಆಗದ ಮಾತು. ಮಳೆ ಹಿಡಿಯಿತೆಂದರೆ ನಮ್ಮ ಎರೆಮಣ್ಣಿನ ದಾರಿ ಗಾಡಿಯ ಗಾಲಿಯನ್ನೇ ಹಿಡಿದು ಕೂರಿಸಿಬಿಡುತ್ತಿತ್ತು. ಕಾಲೇಜಿಗೆ ಸೇರುವ ಹಳ್ಳಿಯ ಹೆಣ್ಣುಮಕ್ಕಳಿಗೆಂದು ಕೆ.ಬಿ. ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಹಾಸ್ಟೆಲು ಮಾಡಿದ್ದಾರೆ, ಸೀಟು ಕಡಿಮೆ, ಬೇಗ ಅರ್ಜಿ ಹಾಕು ಎಂದು ನಮ್ಮ ಮೇಷ್ಟ್ರು ಹೇಳಿದ್ದರು.

ದಾವಣಗೆರೆಯಲ್ಲಿ ನಮಗೆ ಮನೆ ಇರಲಿಲ್ಲವೆಂದಲ್ಲ. ಅವ್ವನ ಅಣ್ಣ, ನನ್ನ ಸೋದರಮಾವ ರುದ್ರಪ್ಪ, ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಜ್ಜ ಅಜ್ಜಿ ಹೋದ ಮೇಲೆ ಕಡರನಾಯಕನಹಳ್ಳಿಯ ಹಳೇ ಮನೆಯ ಬಾಗಿಲು ಮುಚ್ಚಿತ್ತು. ಗಿರಣಿಯ ಸಾಲುಮನೆಗಳಲ್ಲಿ ಮಾವನಿದ್ದ ಆ ಒಂದೂವರೆ ಕೋಣೆಯೇ ಅವ್ವನ ಪಾಲಿಗೆ ತವರುಮನೆ. ಅಲ್ಲಿದ್ದು ಓದಬಹುದಿತ್ತು. ಆದರೆ ಮಾವನಿಗೆ ಕೊಟ್ರೇಶಿ ಎಂಬ ಮಗನಿದ್ದ. ಅವನೂ ಅದೇ ಗಿರಣಿಯಲ್ಲಿ ಕೆಲಸ ಕಲಿಯುತ್ತಿದ್ದ. ದೊಡ್ಡವಳಾದ ಹುಡುಗಿ ಸೋದರಮಾವನ ಮನೆಯಲ್ಲಿ ಉಂಡು ಮಲಗಿ ಒಂದು ವರ್ಷ ಕಳೆದಳೆಂದರೆ ನಮ್ಮ ಕಡೆ ಬೇರೆ ಮಾತೇ ಬೇಡ, ಅವಳು ಆ ಮನೆಯ ಸೊಸೆ. ಕೊಟ್ರೇಶಿ ಕೆಟ್ಟವನಲ್ಲ. ಬೀಡಿ ಸೇದುತ್ತಿರಲಿಲ್ಲ, ತಲೆ ಎತ್ತಿ ಮಾತಾಡುತ್ತಿರಲಿಲ್ಲ. ನನಗೆ ಅವನು ಬೇಡವಾಗಿದ್ದ, ಅಷ್ಟೇ. ಅದನ್ನು ಅಪ್ಪನಿಗೆ ಬಿತ್ತನೆಯ ಹೊಲದಲ್ಲಿ ನಿಂತು ಹೇಳಿದೆ. ಅಪ್ಪ ಕೂರಿಗೆ ನಿಲ್ಲಿಸಿದ. ಆಮೇಲೆ, “ಹಾಸ್ಟೆಲ್ನಾಗ ಜಾಗ ಸಿಕ್ರೆ ಓದು ಹಾಲಮ್ಮ. ಸಿಗಲಿಲ್ಲ ಅಂದ್ರೆ ಮಾವನ ಮನಿ. ಮೂರನೇ ದಾರಿ ನನ್ನತ್ರ ಇಲ್ಲ” ಅಂದ. ಅಪ್ಪ ಅಷ್ಟು ಹೇಳಿದ್ದೇ ಹೆಚ್ಚು. ಬೇರೆ ಯಾರಾದರೂ ಆಗಿದ್ದರೆ ಕೂರಿಗೆಯ ಹಗ್ಗದಲ್ಲೇ ಬಾರಿಸುತ್ತಿದ್ದರು.

ಹಾಸ್ಟೆಲಿನ ಅರ್ಜಿಗೆ ಒಂದು ನಿಯಮವಿತ್ತು. ಊರಿನೊಳಗಿರುವ ಹತ್ತಿರದ ಸಂಬಂಧಿಕರೊಬ್ಬರು, ಹುಡುಗಿಯ ಜವಾಬ್ದಾರಿ ನನ್ನದು ಎಂದು ಸೈ ಹಾಕಬೇಕು. ನಮಗೆ ದಾವಣಗೆರೆಯಲ್ಲಿದ್ದ ಸಂಬಂಧಿಕ ಒಬ್ಬನೇ. ಅಂದರೆ ಅವನ ಮಗನನ್ನು ಒಲ್ಲೆ ಎಂದು ಹಾಸ್ಟೆಲಿಗೆ ಹೊರಟ ನಾನು ಅವನ ಸೈಯನ್ನೇ ಬೇಡಬೇಕು. ಅವ್ವನಿಗೆ ಇದು ತಿಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೋಗುವವರು ಬರಿಗೈಲಿ ಹೋಗಬ್ಯಾಡ್ರಿ ಎಂದಷ್ಟೇ ಹೇಳಿದಳು.

ನಾವು ಎಡವಿದ್ದು ಅಲ್ಲೇ. ಅಪ್ಪ ಹರಿಹರದ ಸಂತೆಗೆ ಬಂದಿದ್ದ ಗಿರಣಿಯವನೊಬ್ಬನ ಕೈಲಿ ಮಾವನಿಗೆ ಮಾತು ಹೇಳಿ ಕಳಿಸಿದ: ಸೋಮವಾರ ಮಗಳನ್ನು ಕರಕೊಂಡು ಬರುತ್ತೇವೆ, ನಿಮ್ಮ ಒಪ್ಪಿಗೆ ಬೇಕು. ಸೋಮವಾರ ದಿನ ಚೆನ್ನಾಗಿದೆ ಎಂದು ಐನೋರನ್ನು ಕೇಳಿಯೇ ಗೊತ್ತು ಮಾಡಿದ್ದ. ಅವ್ವ ಬುಟ್ಟಿಗೆ ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ, ಅತ್ತೆಗೊಂದು ಕುಪ್ಪಸದ ಕಣ ಇಟ್ಟಳು. ಅವತ್ತೇ ವಾರ್ಡನ್ ಅಮ್ಮನನ್ನೂ ಕಾಣಬೇಕಲ್ಲ ಎಂದು ನನಗೆ ತನ್ನ ಹಸಿರು ಇಳಕಲ್ ಸೀರೆ ಉಡಿಸಿದಳು. ಬಿತ್ತನೆ ಬಿಟ್ಟು ಬರುವ ಹಾಗಿಲ್ಲ ಎಂದು ತಾನು ಮನೆಯಲ್ಲೇ ಉಳಿದಳು. ಅವಳು ಬಂದಿದ್ದರೆ ಬಾಗಿಲಲ್ಲೇ ಎಲ್ಲ ತಿಳಿದುಬಿಡುತ್ತಿತ್ತು.

ಸಾಲುಮನೆಯ ಮುಂದೆ ರಂಗೋಲಿ ಹಾಕಿತ್ತು. ಒಳಗಿಂದ ಹೋಳಿಗೆಯ ವಾಸನೆ. ಮಾವನ ಹೆಂಡತಿ ನೀಲಮ್ಮತ್ತೆ ತಲೆತುಂಬ ಹೂ ಮುಡಿದಿದ್ದಳು. ಕಂಬಳಿ ಹಾಸಿ ಅಕ್ಕಪಕ್ಕದ ಮನೆಯ ಹಿರಿಯರನ್ನು ಕೂರಿಸಿದ್ದರು. ಬರ್ರಿ ಬರ್ರಿ, ಕೂಡ್ರಿ ಎಂದು ಒಬ್ಬರ ಮೇಲೊಬ್ಬರು ಉಪಚಾರ. ಮಾವ ಎಂದೂ ಹಾಕದ ಕೋಟು ಹಾಕಿದ್ದ. ಕೊಟ್ರೇಶಿ ಒಗೆದ ಅಂಗಿ ತೊಟ್ಟು ಒಳಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದ. ಅಪ್ಪನಿಗೆ ಖುಷಿಯೋ ಖುಷಿ. ನಮ್ಮ ಹುಡುಗಿ ಪಾಸಾದದ್ದಕ್ಕೆ ಎಷ್ಟು ಸಡಗರ ಮಾಡಿದ್ದಾರಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ. ಅತ್ತೆ ಬುಟ್ಟಿ ಇಳಿಸಿಕೊಂಡು, ಕಾಯಿ ಎಲೆಅಡಿಕೆ ನೋಡಿ ಕಣ್ಣರಳಿಸಿ, ನನ್ನ ಹಣೆಗೆ ಕುಂಕುಮವಿಟ್ಟು ಬಾಯಿಗೆ ಸಕ್ಕರೆ ಹಾಕಿದಳು. ಅಪ್ಪನ ಕೈಗೂ ಸಕ್ಕರೆ ಕೊಟ್ಟರು. ಅಪ್ಪ ಬಾಯಿತುಂಬ ತಿಂದ.

ನಮ್ಮ ಕಡೆ ಹೆಣ್ಣು ಗಂಡಿನ ಮಾತು ಗಟ್ಟಿಯಾದಾಗ ಎರಡೂ ಮನೆಯವರು ಹಿರಿಯರ ಎದುರಿಗೆ ಸಕ್ಕರೆ ತಿನ್ನುತ್ತಾರೆ. ತಿಂದರೆ ಮುಗಿಯಿತು, ಮಾತು ತಿರುಗಿಸುವ ಹಾಗಿಲ್ಲ. ಕಂಬಳಿಯ ಮೇಲಿದ್ದ ಹಿರಿಯನೊಬ್ಬ, ಹುಡುಗಿ ಲಕ್ಷಣವಾಗಿದಾಳೆ ರುದ್ರಪ್ಪ ಎಂದಾಗ ನನಗೆ ಹೊಳೆಯಿತು. ಸಕ್ಕರೆ ಬಾಯಲ್ಲಿ ಹಾಗೇ ನಿಂತಿತು. ಅಪ್ಪನಿಗೆ ಆಗಲೂ ಹೊಳೆದಿರಲಿಲ್ಲ, ಪಾಪ. ಅವನು ಅಂಗಿಯ ಒಳಜೇಬಿನಿಂದ ಅರ್ಜಿ ತೆಗೆದು, ಮಡಿಕೆ ಬಿಡಿಸಿ, ಇಲ್ಲೊಂದು ನಿಮ್ಮ ಸೈ ಬೇಕಿತ್ತು ಭಾವ, ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗ ಕೇಳಿದ್ದೇವೆ ಎಂದು ಮಾವನ ಮುಂದೆ ಹಿಡಿದ.

ಆ ಮನೆಯಲ್ಲಿ ಆಮೇಲೆ ಏನೇನಾಯಿತು ಎಂದು ಒಂದೊಂದನ್ನೂ ಹೇಳುವ ಶಕ್ತಿ ನನಗೆ ಈಗಲೂ ಇಲ್ಲ. ಕಂಬಳಿಯ ಮೇಲಿದ್ದವರು ಕೆಲಸ ನೆನಪಾದವರಂತೆ ಒಬ್ಬೊಬ್ಬರೇ ಎದ್ದುಹೋದರು. ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಮಾವ ಕಾಗದವನ್ನು ಮುಟ್ಟಲಿಲ್ಲ.

“ಸಕ್ಕರೆ ತಿಂದ್ರಲ್ರಿ” ಎಂದ.

ಅಪ್ಪನ ಮುಖ ಕಪ್ಪಿಟ್ಟಿತು. ಹುಡುಗಿ ಪಾಸಾಗಿದ್ದಕ್ಕೆ ಕೊಟ್ಟಿರಿ ಅಂದುಕೊಂಡೆ ಎಂದು ತೊದಲಿದ. ಮಾವ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. “ಮಾವನ ಮನಿ ಇಲ್ಲೇ ಐತೆ. ಮಾವ ಜೀವಂತ ಅದಾನೆ. ತಂಗಿ ಮಗಳು ಕಂಡೋರ ಅಡಿಗಿ ಉಣ್ಣಲಿ ಅಂತ ನಾನೇ ಬರದು ಕೊಡಬೇಕಾ? ಊರಾಗ ಹೆಂಗೆ ತಿರುಗಾಡ್ಲಿ?” ಅಂದ. ಮಗಳು ಒಲ್ಲೆ ಎಂದಳು ಎಂದು ಹೇಳಿ ಅಪ್ಪ ತಪ್ಪಿಸಿಕೊಳ್ಳಬಹುದಿತ್ತು, ಹೇಳಲಿಲ್ಲ. ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡು, ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡ. ಹೋಳಿಗೆ ಯಾರೂ ಬಡಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಅಲ್ಲಿಂದ ಈ ಹಾಸ್ಟೆಲಿನ ಮನೆಗೆ ಬಂದೆವು. ವಾರ್ಡನ್ ಅಮ್ಮ ಮೈಸೂರು ಸೀಮೆಯವರು, ಬಿಳಿ ಸೀರೆಯ ವಿಧವೆ, ನಗು ಕಂಡವರಲ್ಲ. ಅರ್ಜಿಯ ಮೇಲಿಂದ ಕೆಳಗೆ ಕಣ್ಣಾಡಿಸಿ, “ಊರಲ್ಲಿ ನಿನಗೆ ಯಾರಿದ್ದಾರೆ?” ಎಂದರು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ಗೋಡೆ ನೋಡಿದ. ತನಗೆ ಗುರುತಿದ್ದ ಒಬ್ಬ ಕಾಳಿನ ವ್ಯಾಪಾರಿ ಸೈ ಹಾಕಿದರೆ ನಡೆಯುತ್ತದೆಯೇ ಎಂದು ಅಪ್ಪ ಕೇಳಿದ್ದಕ್ಕೆ, ಅವರು ಹುಡುಗಿಗೆ ಏನಾಗಬೇಕು ಎಂದು ತಿರುಗಿ ಕೇಳಿದರು. ನಾಳೆ ಸಾಯಂಕಾಲದವರೆಗೆ ನೋಡುತ್ತೇನೆ, ಆಮೇಲೆ ಜಾಗ ಬೇರೆಯವರಿಗೆ ಎಂದು ಹೇಳಿ ಎದ್ದುಹೋದರು. ಅವರ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಂದೆ ನಾನೇ ಹೆಣ್ಣುಮಕ್ಕಳ ಜವಾಬ್ದಾರಿ ಹೊತ್ತಾಗ ಅವರು ಮಾಡಿದ್ದು ಸರಿ ಎನ್ನಿಸಿತು.

ರಾತ್ರಿ ಛತ್ರದಲ್ಲಿ ಉಳಿದು, ಮರುದಿನ ಮಧ್ಯಾಹ್ನದಿಂದ ಇದೇ ಕಟ್ಟೆಯ ಮೇಲೆ ಕೂತೆವು. ಬೀಸುವ ಗಾಳಿ, ಹನಿಯಿಲ್ಲದ ಮೋಡ. ಯಾರಿಗಾಗಿ ಕಾಯುತ್ತಿದ್ದೇವೆ ಎಂದು ನಮಗೇ ಗೊತ್ತಿರಲಿಲ್ಲ. ಊರಿಗೆ ಹೊರಡಲು ಅಪ್ಪನಿಗೆ ಕಾಲು ಬರಲಿಲ್ಲ, ಅಷ್ಟೇ. ಗಿರಣಿಯ ಕೂಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಮಾವ ಬಂದ. ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಮೀಸೆ, ಹುಬ್ಬು, ತಲೆಗೂದಲೆಲ್ಲ ಹತ್ತಿಯ ಹಿಂಜಲು. ಅಪ್ಪ ಎದ್ದು ನಿಂತ. ಮಾವ ಅವನ ಕಡೆ ನೋಡದೆ ಒಳಗೆ ಹೋದ. ಸೈ ಹಾಕಿದ. ಪೆನ್ನು ಕೆಳಗಿಟ್ಟು, “ಹುಡುಗಿ ತಲಿನೋವು ಅಂದ್ರೂ ಮೊದ್ಲು ನನಗ ಹೇಳಿ ಕಳಸ್ರಿ ಅಮ್ಮಾರೆ. ಅವಳ ಮಾವ ನಾನು” ಎಂದ. ಹೊರಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅಪ್ಪನನ್ನು ಮಾತ್ರ ದಾಟಿಕೊಂಡು ಹೊರಟುಹೋದ. ಅವರಿಬ್ಬರೂ ಮತ್ತೆ ಜನ್ಮದಲ್ಲಿ ಮಾತಾಡಲಿಲ್ಲ.

ಹೀಗೆ ನನಗೆ ಜಾಗ ಸಿಕ್ಕಿತು. ಕಿಟಕಿ ಪಕ್ಕದ ಮಂಚ, ಗೋಡೆಗೊಂದು ಗೂಡು, ಹಿತ್ತಲಿನ ಬಾವಿಯಲ್ಲಿ ನೀರು ಸೇದುವ ಪಾಳಿ. ರೊಟ್ಟಿ ಕೆಟ್ಟದಾಗಿರುತ್ತಿತ್ತು, ಸಾರು ಇನ್ನೂ ಕೆಟ್ಟದಾಗಿರುತ್ತಿತ್ತು, ಮತ್ತು ನಾನು ಸುಖವಾಗಿದ್ದೆ. ಸುಳ್ಳು ಯಾಕೆ ಹೇಳಲಿ? ಬೆಳಿಗ್ಗೆ ಗಿರಣಿ ಕೂಗಿದ ಕೂಡಲೇ ಎದ್ದು ಪುಸ್ತಕ ತೆಗೆಯುವುದು, ಯಾರೂ ಸಗಣಿ ಬಳಿಯೇ, ನೀರು ತಾರೇ ಎನ್ನದಿರುವುದು, ಅದರಷ್ಟು ದೊಡ್ಡ ಸುಖವನ್ನು ನಾನು ಕಂಡಿರಲಿಲ್ಲ. ಅದರ ಬೆಲೆ ಯಾರು ತೆರುತ್ತಿದ್ದಾರೆ ಎಂದು ತಿಳಿದದ್ದು ಶ್ರಾವಣದಲ್ಲಿ.

ನಾಗರಪಂಚಮಿಗೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯಬೇಕು. ಪ್ರತಿ ವರ್ಷ ಮಾವ ರೈಲಿನಲ್ಲಿ ಹರಿಹರಕ್ಕೆ ಬಂದು, ಅಲ್ಲಿಂದ ಕೆಸರು ತುಳಿದುಕೊಂಡು ಸಾರಥಿಗೆ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದ. ಆ ವರ್ಷ ನಾನು ರಜೆಗೆ ಊರಿಗೆ ಹೋದಾಗ ಅವ್ವ ಅರಳು ಹುರಿದು, ಉಂಡೆ ಕಟ್ಟಿ, ಸೀರೆ ಮಡಿಸಿಟ್ಟು ತಯಾರಾಗಿದ್ದಳು. ಅಣ್ಣ ಬರುತ್ತಾನೆಂದು ಅವಳಿಗೆ ನಂಬಿಕೆ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಬಾಗಿಲಿಗೂ ಅಡಿಗೆಮನೆಗೂ ಓಡಾಡಿದಳು. ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಗಾಡಿ ಹತ್ತಿ ಹೋದರು. ಹಬ್ಬ ಮುಗಿದು ಜೋಕಾಲಿಯ ಹಗ್ಗ ಬಿಚ್ಚಿದರೂ ಮಾವ ಬರಲಿಲ್ಲ. ಬೇಕಾದರೆ ನಾನೇ ಬಿಟ್ಟುಬರುತ್ತೇನೆ ಎಂದು ಅಪ್ಪ ಹೇಳಿದ. “ಅಣ್ಣ ಬಂದು ಕರೀಬೇಕು. ನೀವು ಬಿಟ್ಟು ಬಂದ್ರೆ ಅದು ತವರಾಗಲ್ಲ” ಎಂದು ಅವ್ವ ಮಡಿಸಿದ ಸೀರೆಯನ್ನು ಪೆಟ್ಟಿಗೆಗೆ ಹಾಕಿದಳು. ನನ್ನನ್ನು ಬೈದುಬಿಟ್ಟಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ.

ಆದರೆ ಅದೇ ಮಾವ ಹಾಸ್ಟೆಲಿಗೆ ಮಾತ್ರ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಭಾನುವಾರ ಜವಾಬ್ದಾರಿಯವರು ಬಂದರೆ ಹುಡುಗಿಯರನ್ನು ಹೊರಗೆ ಕಳಿಸುತ್ತಿದ್ದರು. ಬೇರೆ ಹುಡುಗಿಯರು ಅತ್ತೆಯ ಮನೆಗೆ, ಚಿಕ್ಕಮ್ಮನ ಮನೆಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡು ಬರುತ್ತಿದ್ದರು. ಮಾವ ನನ್ನನ್ನು ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಇದೇ ಕಟ್ಟೆಯ ತುದಿಗೆ ಕೂತು, ಟವೆಲಿನಲ್ಲಿ ಸುತ್ತಿ ತಂದ ಮಂಡಕ್ಕಿಯನ್ನೋ ಸೀಬೇಹಣ್ಣನ್ನೋ ನನ್ನ ಕಡೆ ಸರಿಸುತ್ತಿದ್ದ. ಹುಷಾರಿದ್ದೀಯಾ, ಉಣ್ಣೋಕೆ ಸರಿಯಾಗಿ ಹಾಕ್ತಾರಾ ಎಂದು ಕೇಳುತ್ತಿದ್ದ. ಆಮೇಲೆ ಇಬ್ಬರೂ ರಸ್ತೆ ನೋಡುತ್ತ ಕೂರುವುದು. ಒಮ್ಮೆ ಮನೆಗೆ ಬರುತ್ತೇನೆ ಮಾವ, ಅತ್ತೆಯನ್ನು ನೋಡಬೇಕು ಎಂದೆ. ಮಾವ ಕೆಮ್ಮಿದ. ಸಕ್ಕರೆ ತಿಂದು ಮಾತು ಮುರಿದವರ ಮಗಳು ಹೊಸ್ತಿಲು ತುಳಿಯಬಾರದೆಂದು ಅತ್ತೆ ದೇವರ ಮುಂದೆ ಆಣೆ ಇಟ್ಟಿದ್ದಾಳೆ ಎಂದು ಹೇಳಿದ. ಅತ್ತೆಯ ತಪ್ಪು ಎಂದು ನಾನು ಹೇಳಲಾರೆ. ಓಣಿಯವರ ಎದುರು ತಲೆ ಬಗ್ಗಿಸಿಕೊಂಡು ನೀರಿಗೆ ಹೋಗಬೇಕಾದವಳು ಅವಳು.

ಚಳಿಗಾಲಕ್ಕೆ ಹತ್ತಿಯ ಅಂಡಿಗೆ ಮೂಟೆಗಳನ್ನು ಹೇರಿದ ಗಾಡಿಗಳು ರಸ್ತೆ ತುಂಬಿದವು. ಮಾವನ ಕೆಮ್ಮು ಹೆಚ್ಚಾಯಿತು. ಬಿಸಿಲು ಏರಿ, ಪರೀಕ್ಷೆ ಹತ್ತಿರ ಬಂದ ಒಂದು ಭಾನುವಾರ, ಕೊಟ್ರೇಶಿಗೆ ಹೆಣ್ಣು ಗೊತ್ತಾಗಿದೆ, ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆ ಎಂದು ಮಾವ ಹೇಳಿದ. ಅವ್ವನನ್ನು ಕರೆಯಲು ಸಾರಥಿಗೆ ಯಾವಾಗ ಹೋಗುತ್ತೀ ಎಂದು ಕೇಳಿದೆ. ಮದುಮಗನಿಗೆ ಮೊದಲ ಅರಿಶಿಣ ಹಚ್ಚುವವಳು ಸೋದರತ್ತೆ, ಅಂದರೆ ನಮ್ಮವ್ವ. ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಮನೆಯ ಹೊಸ್ತಿಲಿಗೆ ಹೋಗುವುದಿಲ್ಲ ಎಂದ.

ನನಗೆ ತಡೆಯಲಾಗಲಿಲ್ಲ. ಪಂಚಮಿಯ ದಿನ ಅವ್ವ ಬಾಗಿಲಿಗೂ ಒಲೆಗೂ ತಿರುಗಿದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು.

“ಅಪ್ಪಂದೇನೂ ತಪ್ಪಿಲ್ಲ ಮಾವ. ಕೊಟ್ರೇಶಿನ್ನ ಒಲ್ಲೆ ಅಂದೋಳು ನಾನು. ನನ್ನ ಬಾಯಿಲೇ ಅಂದೆ.”

ಮಾವ ನನ್ನ ಕಡೆ ತಿರುಗಲಿಲ್ಲ. “ಗೊತ್ತೈತೆ” ಎಂದ. “ಅವತ್ತೇ ನಿನ್ನ ಮುಖ ನೋಡಿದೆ. ಅದಕ್ಕೇ ಬಂದು ಸೈ ಹಾಕಿದೆ.”

ಹಾಗಾದರೆ ಅಪ್ಪನ ಮೇಲೆ ಯಾಕೆ ಸಿಟ್ಟು ಎಂದು ಕೇಳಿದೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

“ನಿನ್ನ ಮ್ಯಾಲೆ ಸಿಟ್ಟು ಮಾಡಾಕ ನನಗ ಬರಲ್ಲ ಹಾಲಮ್ಮ. ಸಿಟ್ಟು ಮಾತ್ರ ಬಂದೈತೆ. ಯಾರ ಮ್ಯಾಲಾದ್ರೂ ಹಾಕಬೇಕಲ್ಲ.”

ಮದುವೆಯ ದಿನ ಬೆಳಿಗ್ಗೆ ವಾರ್ಡನ್ ಅಮ್ಮ ನನ್ನನ್ನು ಕೂಗಿದರು. ವರಾಂಡಕ್ಕೆ ಬಂದರೆ ಅವ್ವ ನಿಂತಿದ್ದಳು. ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಹಿಂದೆ ಎಂದೂ ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಸುದ್ದಿ ಹರಿಹರದ ಸಂತೆಯಲ್ಲಿ ಸಿಕ್ಕಿತಂತೆ. ಹೋಗುತ್ತೇನೆ ಎಂದಾಗ ಅಪ್ಪ ಬೇಡ ಎನ್ನಲಿಲ್ಲವಂತೆ, ಬರುತ್ತೇನೆ ಎಂದೂ ಅನ್ನಲಿಲ್ಲವಂತೆ. ಕರೆಯದ ಮನೆಗೆ ಹೇಗೆ ಹೋಗುತ್ತೀ, ನಾಲ್ಕು ಜನರ ಎದುರಿಗೆ ಹಿಂದಕ್ಕೆ ಕಳಿಸಿದರೆ ಏನು ಮಾಡುತ್ತೀ ಎಂದು ನಾನು ಹೆದರಿದೆ. “ಕಳಿಸಿದ್ರೆ ವಾಪಸ್ ಬರ್ತೀನಿ. ಅಷ್ಟೇ ಅಲ್ಲೇನು?” ಎಂದು ಅವ್ವ ಸೆರಗು ಸರಿಮಾಡಿಕೊಂಡು ನಡೆದಳು. ನನಗೆ ಅವಳ ಹೆಜ್ಜೆ ಹಿಡಿಯುವುದೇ ಕಷ್ಟವಾಯಿತು.

ಸಾಲುಮನೆಯ ಮುಂದೆ ಚಪ್ಪರ. ಡೊಳ್ಳು, ಸನಾದಿ. ಮಾವ ಹೊಸ ಧೋತರ ಉಟ್ಟು ಚಪ್ಪರದ ಬಾಯಲ್ಲಿ ಬಂದವರಿಗೆ ಕೈಮುಗಿಯುತ್ತಿದ್ದ. ಅವ್ವನನ್ನು ಕಂಡ. ಮುಗಿದ ಕೈ ಹಾಗೇ ನಿಂತಿತು. ಅವ್ವ ಚಪ್ಪರದ ಹೊರಗೆ, ಬಿಸಿಲಿನಲ್ಲಿ ನಿಂತಳು. ಒಳಗೆ ಬರಲಾ ಎಂದು ಕೇಳಲಿಲ್ಲ. ಕೂತ ಜನ ತಿರುಗಿ ನೋಡಿದರು. ಮಾವ ನಿಧಾನವಾಗಿ ಬಂದ. ಬಂದು, ಅಂಗಳದಲ್ಲಿ ಆಟಕ್ಕೆ ಹೋಗಿ ಹೊತ್ತು ಮಾಡಿದ ತಂಗಿಯನ್ನು ಬೈಯುವ ದನಿಯಲ್ಲಿ ಬೈದ.

“ಇಷ್ಟೊತ್ತಿಗೆ ಬರೋದೇನು? ಹುಡುಗಗ ಅರಿಶಿಣ ಯಾರು ಹಚ್ಚಬೇಕು?”

ಪಂಚಮಿಯಲ್ಲಿ ಅಳದ ಅವ್ವ ಅಲ್ಲಿ ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನೀಲಮ್ಮತ್ತೆ ಒಳಗಿಂದ ಬಂದು, ಮುಖ ನೋಡದೆ, ಅವಳ ಮುಂಗೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ನನ್ನ ಕಣ್ಣಲ್ಲೂ ನೀರು. ಎಲ್ಲ ಸರಿಹೋಯಿತೆಂದು ನಾನೂ ಅವರ ಹಿಂದೆ ಕಾಲೆತ್ತಿದೆ.

ಮಾವ ನನ್ನ ಮುಂದೆ ಬಂದು ನಿಂತ. ಅಡ್ಡ ಬಂದನೆಂದು ಬೇರೆಯವರಿಗೆ ತಿಳಿಯದ ಹಾಗೆ ನಿಂತ. ಅವನ ಹೆಗಲಾಚೆ, ಹಸೆಯ ಮೇಲೆ ಕೂತ ಕೊಟ್ರೇಶಿ ಕಂಡ. ಅವನ ಪಕ್ಕದಲ್ಲಿ ತಲೆ ಬಗ್ಗಿಸಿದ ಒಂದು ಚಿಕ್ಕ ಹುಡುಗಿ. ಅವಳ ಮದುವೆ ಅದು. ನಾನು ಆ ಚಪ್ಪರದೊಳಗೆ ಹೋದರೆ ಎಲ್ಲರೂ ಯಾರನ್ನು ನೋಡುತ್ತಾರೆಂದು ಮಾವನಿಗೆ ಗೊತ್ತಿತ್ತು. ಆಗ ನನಗೂ ಗೊತ್ತಾಯಿತು.

“ನೀ ಹೋಗವ್ವ” ಎಂದ ಮೆಲ್ಲಗೆ. “ಪರೀಕ್ಷೆ ಐತೆ. ಭಾನುವಾರ ಬರ್ತೀನಿ.”

ನಾನು ತಿರುಗಿ ನಡೆದೆ. ಹಿಂದೆ ಸನಾದಿ ಜೋರಾಯಿತು, ಅರಿಶಿಣದ ಹೊತ್ತು ಬಂದಿತ್ತೆಂದು ಕಾಣುತ್ತದೆ. ಬಿಸಿಲಿಗೆ ಕೆ.ಬಿ. ಬಡಾವಣೆಯ ರಸ್ತೆ ಖಾಲಿಯಾಗಿತ್ತು. ವಾರ್ಡನ್ ಅಮ್ಮ ಬಾಗಿಲು ತೆರೆದು, ಊಟ ಮಾಡದೇ ಬಂದೆಯಾ ಎಂದು ಕೇಳಿದರು. ಹೌದೆಂದೆ. ಅವರು ಮತ್ತೇನನ್ನೂ ಕೇಳದೆ ಒಂದು ತಟ್ಟೆ ತಂದಿಟ್ಟರು. ತಣ್ಣಗಾದ ರೊಟ್ಟಿ, ನೀರು ಸಾರು. ಈ ಊರಿನಲ್ಲಿ ನನಗೆಂದು ಅನ್ನ ಬಡಿಸುವ ಮನೆ ಇನ್ನು ಇದೊಂದೇ ಎಂದು ಅರ್ಥವಾಯಿತು. ನಾನೇ ಅರ್ಜಿ ಹಾಕಿ ಪಡೆದದ್ದು. ಕೂತು, ಪೂರ್ತಿ ಉಂಡೆ.